ಒಳಗೆ ಬಾ ಅಂದವರು

ಹಾಸ್ಟೆಲ್ ಸೇರಿ ಮೂರು ವಾರ ಆಗಿತ್ತು. ರಾತ್ರಿ ಒಂಬತ್ತರ ಹೊತ್ತಿಗೆ ಯಾರೋ ಬಾಗಿಲನ್ನು ಎರಡು ಸಲ ತಟ್ಟಿದರು. ಸ್ವಲ್ಪ ಬಿಟ್ಟು ಇನ್ನೊಂದು ಸಲ. ತೆಗೆದು ನೋಡಿದರೆ ಒಬ್ಬ ಸೀನಿಯರ್. ಅಲ್ಲಿಯವರೆಗೆ ನನ್ನ ಮುಖ ನೋಡಿ ಮಾತಾಡಿದವನೇ ಅಲ್ಲ. "ಬಾ, ಮೇಲೆ ಹೋಗೋಣ. ಯಾರಿಗೂ ಹೇಳಬೇಡ" ಅಂದ.

ಎಲ್ಲಿಗೆ, ಯಾಕೆ ಅಂತ ನಾನು ಕೇಳಲೇ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.

ಮೂರನೇ ಮಹಡಿಯ ಕೊನೆಯ ರೂಮು. ಲೈಟ್ ಆರಿಸಿದ್ದರು. ಎರಡು ಮಂಚದ ಮೇಲೆ ಏಳೆಂಟು ಜನ ಕೂತಿದ್ದರು. ಮೇಜಿನ ಮೇಲೆ ಒಂದು ಟಾರ್ಚನ್ನು ಸೂರು ನೋಡುವ ಹಾಗೆ ನಿಲ್ಲಿಸಿದ್ದರು. ನನ್ನ ಅಂಗೈಯನ್ನು ಅದರ ಗಾಜಿನ ಮೇಲೆ ಇಡಿಸಿದರು. ಬೆರಳುಗಳ ಸಂದಿಯೆಲ್ಲ ಕೆಂಪಗೆ ಕಂಡಿತು. ಒಬ್ಬ ಹೇಳಿಕೊಟ್ಟ, ನಾನು ಹೇಳಿದೆ. ಈ ರೂಮಿನ ಮಾತು ಹೊರಗೆ ಹೋಗಬಾರದು, ನಮ್ಮವರನ್ನು ಬಿಟ್ಟುಕೊಡಬಾರದು, ಇಂಥವೇ. ಗುರುತಿಗೆ ಒಂದು ಗುಪ್ತಪದ ಕೂಡ ಕೊಟ್ಟರು. ಅದು ಎಷ್ಟು ಪೆದ್ದುಪೆದ್ದಾಗಿತ್ತು ಅಂದರೆ ಈಗಲೂ ಇಲ್ಲಿ ಬರೆಯೋಕೆ ನಾಚಿಕೆ. ಆಮೇಲೆ ಲೈಟ್ ಹಾಕಿ ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ ಹೆಗಲ ಮೇಲೆ ಕೈ ಹಾಕಿ ನನ್ನ ಹೆಸರು ಹಿಡಿದು ಕರೆದ.

ಮೂರು ವಾರದಲ್ಲಿ ಆ ಕಟ್ಟಡದಲ್ಲಿ ನನ್ನನ್ನು ಹೆಸರು ಹಿಡಿದು ಕರೆದವನು ಅವನೊಬ್ಬನೇ. ಹಾಜರಿ ಪುಸ್ತಕ ಬಿಟ್ಟರೆ.

ಆ ಗುಂಪು ಇರುವುದು ಯಾತಕ್ಕೆ ಅಂತ ನನಗೆ ಗೊತ್ತಾದದ್ದು ಅದರ ಮುಂದಿನ ವಾರ. ಆ ಕತೆಗೆ ಆಮೇಲೆ ಬರುತ್ತೇನೆ.

ಇದೆಲ್ಲ ಆಗಿ ಬಹಳ ವರ್ಷ ಆಯಿತು. ಆದರೂ ಗುಪ್ತ ಸಂಘ, ದ್ವೇಷದ ಗುಂಪು ಅಂತ ಎಲ್ಲಿ ಓದಿದರೂ ನನಗೆ ಆ ಟಾರ್ಚು ನೆನಪಾಗುತ್ತದೆ. ಇಂಥವರ ಬಗ್ಗೆ ಮಾತು ಬಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಅಂಥದ್ದನ್ನೆಲ್ಲ ಅದು ಹೇಗೆ ನಂಬುತ್ತಾರೋ?" ಮೊದಲು ನಂಬಿಕೆ ಹುಟ್ಟುತ್ತದೆ, ಆಮೇಲೆ ಅದೇ ನಂಬಿಕೆಯವರನ್ನು ಹುಡುಕಿಕೊಂಡು ಹೋಗಿ ಸೇರುತ್ತಾರೆ ಅನ್ನುವುದು ನಮ್ಮ ಲೆಕ್ಕ. ನನಗೆ ಈ ಲೆಕ್ಕ ಉಲ್ಟಾ ಅನ್ನಿಸುತ್ತದೆ. ಬಹಳಷ್ಟು ಜನ ಮೊದಲು ಸೇರುತ್ತಾರೆ. ನಂಬುವುದು ಆಮೇಲೆ. ಮನೆಗೆ ಬಂದು ಸೇರಿಕೊಂಡ ಮೇಲೆ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಹಾಗೆ.

ಯಾರಿಗೂ ತೊಂದರೆ ಕೊಡದ ಕಡೆಯಿಂದಲೇ ಶುರು ಮಾಡುತ್ತೇನೆ. ಲಾಡ್ಜ್ ಅಂದ ಕೂಡಲೇ ನಮಗೆ ರಾತ್ರಿ ತಂಗುವ ರೂಮು ನೆನಪಾಗುತ್ತದೆ. ಫ್ರೀಮೇಸನ್ನರು ಅನ್ನುವ ಗುಪ್ತ ಸಂಘದವರ ಲಾಡ್ಜ್ ಬೇರೆ. ಹಿಂದೆ ಯುರೋಪಿನಲ್ಲಿ ದೊಡ್ಡ ಚರ್ಚುಗಳನ್ನು ಕಟ್ಟುತ್ತಿದ್ದ ಕಲ್ಲುಕುಟಿಗರು ಕೆಲಸದ ಜಾಗದಲ್ಲಿ ಹಾಕಿಕೊಳ್ಳುತ್ತಿದ್ದ ಜೋಪಡಿಗೆ ಆ ಹೆಸರಿತ್ತು. ಕಾಲ ಕಳೆದ ಹಾಗೆ ಉಳಿ ಸುತ್ತಿಗೆಯನ್ನು ಕೈಯಲ್ಲಿ ಹಿಡಿಯದ ಜನ ಕೂಡ ಆ ಜೋಪಡಿಗೆ ಸೇರಿಕೊಂಡರು. 1717ರ ಜೂನ್ 24ರಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳವರು 'ಗೂಸ್ ಅಂಡ್ ಗ್ರಿಡೈರನ್' ಅನ್ನುವ ಪಬ್ಬಿನಲ್ಲಿ ಕೂತು ಎಲ್ಲಕ್ಕೂ ಮೇಲೆ ಒಂದು ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡರು ಅಂತ ಅವರ ಚರಿತ್ರೆ ಹೇಳುತ್ತದೆ. ಜಗತ್ತನ್ನೇ ಆಡಿಸುವ ಸಂಘ ಅಂತ ಜನ ಹೆದರುವ ಸಂಘ ಹುಟ್ಟಿದ್ದು ಹೀಗೆ, ಪಬ್ಬಿನಲ್ಲಿ.

ಅಲ್ಲಿ ಸೇರಿಸಿಕೊಳ್ಳುವ ರೀತಿ ನೋಡಬೇಕು. ಬಂದವನ ಜೇಬಿನಲ್ಲಿ ಒಂದು ನಾಣ್ಯವೂ ಇರಬಾರದು. ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ. ಕೊರಳಿಗೆ ಹಗ್ಗ. ಅಂಗಿ ಸರಿಸಿ ಎಡ ಎದೆ ಕಾಣುವ ಹಾಗೆ ಬಿಡುತ್ತಾರೆ. ಒಂದು ಕಾಲಿನ ಪ್ಯಾಂಟನ್ನು ಮಂಡಿಯ ಮೇಲೆ ಮಡಚುತ್ತಾರೆ. ಒಂದು ಪಾದಕ್ಕೆ ಮಾತ್ರ ಚಪ್ಪಲಿ. ಬ್ಯಾಂಕಿನ ಯಜಮಾನನೇ ಆಗಲಿ, ಗುಮಾಸ್ತನೇ ಆಗಲಿ, ಈ ವೇಷದಲ್ಲಿ ನಿಂತರೆ ಇಬ್ಬರೂ ಒಂದೇ. ಬಾಗಿಲಲ್ಲಿ ಎದೆಗೆ ಚೂಪಾದ ಏನನ್ನೋ ಮುಟ್ಟಿಸುತ್ತಾರೆ. ಕತ್ತಲಲ್ಲಿ ಕೈ ಹಿಡಿದು ನಡೆಸುತ್ತಾರೆ, ಮಂಡಿಯೂರಿಸಿ ಆಣೆ ಮಾಡಿಸುತ್ತಾರೆ. ಆಮೇಲೆ ಕಣ್ಣಿನ ಬಟ್ಟೆ ತೆಗೆಯುತ್ತಾರೆ. ಬೆಳಕು. ಸುತ್ತಲೂ ಮುಖಗಳು. ಅವರೆಲ್ಲ ಇವನನ್ನೇ ನೋಡುತ್ತಿದ್ದಾರೆ.

ದೊಡ್ಡವರಾದ ಮೇಲೆ ನಮ್ಮ ಜೀವನದಲ್ಲಿ ಹೀಗೆ ಎಷ್ಟು ಸಲ ಆಗುತ್ತದೆ ಹೇಳಿ? ಮದುವೆಯಲ್ಲಿ ಒಂದು ಸಲ. ಆಮೇಲೆ ನಾವು ಹೋದಾಗ, ಅದೂ ನಮಗೆ ಕಾಣುವುದಿಲ್ಲ.

ಇನ್ನು ಅವರ ಗುಟ್ಟು. ತಮಾಷೆ ಏನೆಂದರೆ ಅದು ರಟ್ಟಾಗಿ ಮುನ್ನೂರು ವರ್ಷ ಆಗುತ್ತಾ ಬಂತು. 1730ರಲ್ಲೇ ಸ್ಯಾಮ್ಯುಯೆಲ್ ಪ್ರಿಚರ್ಡ್ ಅನ್ನುವವನು ಆಣೆ, ಸಂಕೇತ, ಪ್ರಶ್ನೋತ್ತರ ಎಲ್ಲವನ್ನೂ ಅಚ್ಚು ಹಾಕಿಸಿ ಲಂಡನ್ನಿನ ಬೀದಿಯಲ್ಲಿ ಮಾರಿದ. ಪುಸ್ತಕ ಬಿಸಿಬಿಸಿಯಾಗಿ ಖರ್ಚಾಯಿತು. ಲಾಡ್ಜ್‌ಗಳು ಮುಚ್ಚಬೇಕಿತ್ತಲ್ವಾ? ಬೆಳೆಯುತ್ತಲೇ ಹೋದವು. ಇದಾಗಿ ಸುಮಾರು ನೂರು ವರ್ಷದ ಮೇಲೆ, 1826ರಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನಲ್ಲಿ ವಿಲಿಯಂ ಮಾರ್ಗನ್ ಅನ್ನುವವನು ತಾನೂ ಮೇಸನ್ನರ ಗುಟ್ಟು ಅಚ್ಚು ಹಾಕಿಸುತ್ತೇನೆ ಅಂತ ಹೊರಟ. ಮೇಸನ್ನರು ಸಣ್ಣ ಸಾಲದ ನೆಪದಲ್ಲಿ ಅವನನ್ನು ಜೈಲಿಗೆ ಹಾಕಿಸಿದರು. ಸಾಲ ತೀರಿಸಿ ಹೊರಗೆ ತಂದವರೂ ಅವರೇ. ಗಾಡಿಗೆ ಹತ್ತಿಸಿ ನಯಾಗರಾ ಕೋಟೆಯ ಕಡೆ ಕರೆದುಕೊಂಡು ಹೋದರು. ಆಮೇಲೆ ಅವನನ್ನು ಕಂಡವರಿಲ್ಲ. ಜನ ರೊಚ್ಚಿಗೆದ್ದು ಮೇಸನ್ನರ ವಿರುದ್ಧ ಒಂದು ರಾಜಕೀಯ ಪಕ್ಷವನ್ನೇ ಕಟ್ಟಿದರು. 1832ರ ಅಧ್ಯಕ್ಷ ಚುನಾವಣೆಯಲ್ಲಿ ಆ ಪಕ್ಷ ವರ್ಮಾಂಟ್ ರಾಜ್ಯವನ್ನು ಗೆದ್ದಿತು ಕೂಡ.

ನೂರು ವರ್ಷದ ಹಿಂದೆ ಬೀದಿಯಲ್ಲಿ ಮಾರಿದ ಗುಟ್ಟಿಗಾಗಿ ಒಬ್ಬ ಮನುಷ್ಯ ಕಾಣೆಯಾದ. ಅಂದರೆ ಆ ಗುಟ್ಟಿನೊಳಗೆ ಏನಿತ್ತು ಅನ್ನುವುದಕ್ಕೆ ಬೆಲೆಯೇ ಇರಲಿಲ್ಲ. ಇಬ್ಬರು ಮಕ್ಕಳು ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದರೆ ಮೂರನೆಯದು ಓಡಿ ಬಂದು "ಏನು, ಏನು?" ಅಂತ ಜೀವ ತಿನ್ನುತ್ತದೆ. "ಹೇಳಲ್ಲ ಹೋಗು" ಅನ್ನುತ್ತವೆ ಆ ಎರಡು. ಎಷ್ಟೋ ಸಲ ಅಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ. ಮೂರನೆಯದು ಬರುವವರೆಗೆ ಸುಮ್ನೆ 'ಪಿಸ್ ಪಿಸ್' ಅನ್ನುತ್ತಿರುತ್ತವೆ ಅಷ್ಟೇ.

ಆದರೆ ಗುಟ್ಟಿನ ಮೋಜಿಗೇ ಲಕ್ಷಾಂತರ ಜನ ಸೇರಿದರು ಅಂದರೆ ಅದು ಸುಳ್ಳಾಗುತ್ತದೆ. ಹೊಟ್ಟೆಪಾಡಿನ ಲೆಕ್ಕವೂ ಇತ್ತು. ಹತ್ತೊಂಬತ್ತನೇ ಶತಮಾನದ ಗಂಡಸನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಳ್ಳಿ ಬಿಟ್ಟು ಕಾರ್ಖಾನೆಯ ಊರಿಗೆ ಬಂದಿದ್ದಾನೆ. ಅಣ್ಣ ತಮ್ಮ, ದೊಡ್ಡಪ್ಪ ಚಿಕ್ಕಪ್ಪ ಯಾರೂ ಹತ್ತಿರ ಇಲ್ಲ. ಯಂತ್ರಕ್ಕೆ ಕೈ ಸಿಕ್ಕಿದರೆ ಆವತ್ತಿಗೇ ಸಂಬಳ ನಿಂತಿತು. ಸತ್ತರೆ ಹೂಳುವುದಕ್ಕೂ ದುಡ್ಡಿಲ್ಲ. ಸರ್ಕಾರದ ಪಿಂಚಣಿ, ವಿಮೆ ಅನ್ನುವ ಮಾತೇ ಇಲ್ಲ. ಅಂಥವನಿಗೆ, ಮೇಸನ್ನರ ಹಾಗೇ ಲಾಡ್ಜ್‌ಗಳಿದ್ದ ಆಡ್ ಫೆಲೋಸ್ ಅನ್ನುವ ಸಂಘ ಹೇಳಿದ್ದು ನಾಲ್ಕು ಮಾತು. ಕಾಯಿಲೆ ಬಿದ್ದರೆ ಬಂದು ನೋಡುತ್ತೇವೆ. ಕಷ್ಟಕ್ಕೆ ಆಗುತ್ತೇವೆ. ಸತ್ತರೆ ಮಣ್ಣು ಮಾಡುತ್ತೇವೆ. ನಿನ್ನ ತಬ್ಬಲಿ ಮಕ್ಕಳನ್ನು ಓದಿಸುತ್ತೇವೆ.

1868ರಲ್ಲಿ ಪೆನ್ಸಿಲ್ವೇನಿಯಾದ ಮೀಡ್‌ವಿಲ್ ಊರಿನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಅನ್ನುವವನು ಕೆಲಸಗಾರರದ್ದೇ ಒಂದು ಸಂಘ ಕಟ್ಟಿದ. ಅದರ ವಿಮೆ ಬಹಳ ಸರಳ. ಸದಸ್ಯನೊಬ್ಬ ಸತ್ತರೆ ಉಳಿದವರೆಲ್ಲ ತಲಾ ಒಂದು ಡಾಲರ್ ಹಾಕಬೇಕು. ಹೀಗೆ ಕೂಡಿದ ದುಡ್ಡು, 2,000 ಡಾಲರ್ ಮಿತಿಯೊಳಗೆ, ಆ ಮನೆಯವರಿಗೆ. ಎಷ್ಟೋ ಲಾಡ್ಜ್‌ಗಳು ವರ್ಷಕ್ಕೆ ತಲೆಗೆ ಒಂದೆರಡು ಡಾಲರ್ ಲೆಕ್ಕದಲ್ಲಿ ಒಬ್ಬ ಡಾಕ್ಟರನ್ನೇ ಗೊತ್ತು ಮಾಡಿಕೊಂಡಿದ್ದವು. ಡಾಕ್ಟರುಗಳ ಸಂಘಗಳಿಗೆ ಇದು ಕಣ್ಣುರಿ ತರಿಸಿತು. ಇಷ್ಟು ಅಗ್ಗಕ್ಕೆ ನೋಡಿದರೆ ಉಳಿದ ಡಾಕ್ಟರುಗಳ ಗತಿ ಏನು? 1897ರಲ್ಲಿ ಒಬ್ಬ ಲೇಖಕ ಹಾಕಿದ ಅಂದಾಜಿನ ಪ್ರಕಾರ ಅಮೆರಿಕದ ಸುಮಾರು 1.9 ಕೋಟಿ ವಯಸ್ಕ ಗಂಡಸರಿದ್ದ ಕಡೆ ಲಾಡ್ಜ್ ಸದಸ್ಯತ್ವಗಳು 55 ಲಕ್ಷ ಇದ್ದವು. ಒಬ್ಬೊಬ್ಬ ಎರಡು ಮೂರು ಕಡೆ ಸೇರುತ್ತಿದ್ದ, ಹಾಗಾಗಿ ತಲೆ ಎಣಿಸಿದರೆ ಕಡಿಮೆಯೇ. ಆದರೂ ಅದು ಜಾಸ್ತಿಯೇ ಅಲ್ವಾ?

ಬರೀ ವಿಮೆ ಸಾಕಿದ್ದರೆ ಒಂದು ಮೇಜು, ಒಂದು ರಸೀದಿ ಪುಸ್ತಕ ಸಾಕಿತ್ತು. ಆದರೆ ಅಲ್ಲಿ ಅಸ್ಥಿಪಂಜರ ಇತ್ತು. ಸುಮ್ನೆ ಹೇಳುತ್ತಿಲ್ಲ. ಆಡ್ ಫೆಲೋಸ್‌ನವರು ಹೊಸಬನ ಕಣ್ಣಿನ ಬಟ್ಟೆ ಬಿಚ್ಚುವಾಗ ಎದುರಿಗೆ ಶವಪೆಟ್ಟಿಗೆಯಲ್ಲಿ ಅಸ್ಥಿಪಂಜರ ಇಟ್ಟಿರುತ್ತಿದ್ದರು. 'ನೀನೂ ಹೀಗೇ ಆಗುವವನು' ಅಂತ ನೆನಪು ಮಾಡಿಕೊಡುವುದಕ್ಕೆ. ಈಗಲೂ ಆ ದೇಶದಲ್ಲಿ ಹಳೆಯ ಲಾಡ್ಜ್ ಕಟ್ಟಡ ಕೊಂಡವರಿಗೆ ಗೋಡೆಯ ಸಂದಿಯಲ್ಲೋ ಅಟ್ಟದಲ್ಲೋ ಅಸ್ಥಿಪಂಜರ ಸಿಗುವುದುಂಟು. ಅವರು ಗಾಬರಿ ಬಿದ್ದು ಪೊಲೀಸರಿಗೆ ಫೋನ್ ಮಾಡುತ್ತಾರೆ.

ಇನ್ನೊಂದು ನನಗೆ ಬಹಳ ಇಷ್ಟವಾದ ಕತೆ. ಇಲಿನಾಯ್ ರಾಜ್ಯದ ಗ್ರೀನ್‌ವಿಲ್ ಊರಿನಲ್ಲಿ ಡೆಮೌಲಿನ್ ಸಹೋದರರು ಅಂತ ಇದ್ದರು. ಹೊಸಬರನ್ನು ಸೇರಿಸಿಕೊಳ್ಳುವ ಶಾಸ್ತ್ರ ಸಪ್ಪೆ ಆಯಿತು, ಏನಾದರೂ ಮಜಾ ಇರುವಂಥದ್ದು ಮಾಡಿಕೊಡಿ ಅಂತ ಲಾಡ್ಜ್‌ನವರು ಕೇಳಿದರು. 1890ರ ದಶಕದಲ್ಲಿ ಇವರು ಅದಕ್ಕೇ ಒಂದು ಕಾರ್ಖಾನೆ ಹಾಕಿದರು. ಚಕ್ರದ ಮೇಲೆ ಕುಪ್ಪಳಿಸುವ ಆಡು, ಕೂತರೆ ಕುಸಿದು ಬೀಳುವ ಕುರ್ಚಿ, ಶಾಕ್ ಹೊಡೆಯುವ ಕಾರ್ಪೆಟ್, ಬಗ್ಗಿದವನ ಹಿಂಭಾಗಕ್ಕೆ ಬಾರಿಸುವ ಯಂತ್ರ. ಎಲ್ಲಕ್ಕೂ ಚಿತ್ರಗಳಿರುವ ಕ್ಯಾಟಲಾಗ್ ಬೇರೆ. ಕುದಿಯುವ ಸೀಸದಂತೆ ಕಾಣುವ ದ್ರವಕ್ಕೆ ಕೈ ಅದ್ದಬೇಕಾದ ಪರೀಕ್ಷೆ ಒಂದಿತ್ತು. ನಿಜವಾಗಿ ಅದರಲ್ಲಿದ್ದದ್ದು ಪುಡಿ ಬೆರೆಸಿದ ನೀರು. ಗೌರವಸ್ಥ ಮನುಷ್ಯರು, ಅಂಗಡಿ ಮಾಲೀಕರು, ಮೇಷ್ಟ್ರುಗಳು, ಆಡಿನ ಮೇಲಿಂದ ಬಿದ್ದು ಎದ್ದು ಬಟ್ಟೆ ಕೊಡವಿಕೊಂಡು ಹಲ್ಲು ಕಿರಿಯುತ್ತಿದ್ದರು. ಮುಂದಿನ ತಿಂಗಳು ಇನ್ನೊಬ್ಬ ಬೀಳುವುದನ್ನು ನೋಡಲು ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಆ ಕಾರ್ಖಾನೆಯವರು ಆಮೇಲೆ ಬ್ಯಾಂಡ್‌ನವರ ಸಮವಸ್ತ್ರ ಹೊಲಿಯಲು ಶುರು ಮಾಡಿದರು.

ಅವಮಾನ ಮಾಡಿಸಿಕೊಂಡವನು ಬಿಟ್ಟು ಓಡಬೇಕಿತ್ತು. ಓಡುವುದಿಲ್ಲ, ಇನ್ನೂ ಅಂಟಿಕೊಳ್ಳುತ್ತಾನೆ. 1959ರಲ್ಲಿ ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 63 ಕಾಲೇಜು ಹುಡುಗಿಯರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಒಂದು ಚರ್ಚಾ ಗುಂಪಿಗೆ ಸೇರಬೇಕಾದರೆ ಕೆಲವರು ಗಂಡಸೊಬ್ಬನ ಎದುರು ಅಶ್ಲೀಲ ಪದಗಳನ್ನು ಗಟ್ಟಿಯಾಗಿ ಓದಬೇಕಿತ್ತು. ಇನ್ನು ಕೆಲವರಿಗೆ ಸುಲಭದ ಪರೀಕ್ಷೆ. ಕೆಲವರಿಗೆ ಪರೀಕ್ಷೆಯೇ ಇಲ್ಲ. ಆಮೇಲೆ ಎಲ್ಲರಿಗೂ ಆ ಗುಂಪಿನ ಚರ್ಚೆಯನ್ನು ಕೇಳಿಸಿದರು. ಬೇಕಂತಲೇ ಅದನ್ನು ಆಕಳಿಕೆ ಬರುವ ಹಾಗೆ ಮಾಡಿದ್ದರು, ಪ್ರಾಣಿಗಳ ವರ್ತನೆಯ ಬಗ್ಗೆ ತೊದಲು ತೊದಲು ಮಾತು. ಚರ್ಚೆ ಚೆನ್ನಾಗಿತ್ತು ಅಂತ ಜಾಸ್ತಿ ಹೊಗಳಿದವರು ಯಾರು? ಜಾಸ್ತಿ ನಾಚಿಕೆ ಪಟ್ಟವರೇ. ಇಷ್ಟೆಲ್ಲ ಅನುಭವಿಸಿ ಒಳಗೆ ಬಂದಿದ್ದೇನೆ, ಇದು ಬರೀ ಓಳು ಅಂತ ಒಪ್ಪಿಕೊಳ್ಳುವುದು ಹೇಗೆ? ರ‍್ಯಾಗಿಂಗಿನಲ್ಲಿ ಅತ್ತವನೇ ಮುಂದಿನ ವರ್ಷ "ಅದರಿಂದಲೇ ನಾವು ಒಂದಾದದ್ದು" ಅನ್ನುವುದು ಇದಕ್ಕೇ ಇರಬೇಕು.

ಲಾಡ್ಜ್‌ಗಳನ್ನು ಹೀಗೆ ಹೊಗಳುತ್ತಾ ಹೋದರೆ ಅವುಗಳ ಗೋಡೆ ಮರೆತುಹೋಗುತ್ತದೆ. 1775ರ ಮಾರ್ಚ್ 6ರಂದು ಬಾಸ್ಟನ್ನಿನಲ್ಲಿ ಪ್ರಿನ್ಸ್ ಹಾಲ್ ಮತ್ತು ಇನ್ನೂ 14 ಜನ ಸ್ವತಂತ್ರ ಕಪ್ಪು ಜನರು ಮೇಸನ್ನರಾದರು. ಅವರನ್ನು ಸೇರಿಸಿಕೊಂಡದ್ದು ಅಲ್ಲಿನ ಬಿಳಿಯರ ಲಾಡ್ಜ್ ಅಲ್ಲ, ಬ್ರಿಟಿಷ್ ಸೈನಿಕರ ಒಂದು ಲಾಡ್ಜ್. ಮುಂದೆ ಅಮೆರಿಕದ ಬಿಳಿಯರು ಅವರಿಗೆ ಮಾನ್ಯತೆ ಕೊಡಲಿಲ್ಲ. ಅವರು ಲಂಡನ್ನಿಗೇ ಬರೆದು 1784ರಲ್ಲಿ ಸನದು ತರಿಸಿಕೊಂಡರು. 'ಎಲ್ಲ ಮನುಷ್ಯರೂ ಸಹೋದರರು' ಅಂತ ಆಣೆ ಮಾಡುವ ಸಂಘಗಳ ಪೈಕಿ ಎಷ್ಟೋ ಸಂಘಗಳ ನಿಯಮ ಪುಸ್ತಕದಲ್ಲಿ 'ಬಿಳಿಯ ಗಂಡಸು' ಅಂತ ಬರೆದಿತ್ತು. ಬೇಲಿ ಆಗಲೇ ಇತ್ತು. ಅದಕ್ಕೆ ಮುಳ್ಳು ಕಟ್ಟುವ ಕೆಲಸ ಮಾತ್ರ ಬಾಕಿ.

ಕಪ್ಪು ಜನರ ಮೇಲಿನ ದ್ವೇಷಕ್ಕೆ ಹೆಸರಾದ ಕೂ ಕ್ಲಕ್ಸ್ ಕ್ಲಾನ್ ಅನ್ನುವ ಗುಂಪು ಶುರುವಾದದ್ದು ಹೇಗೆ ಅಂತ ಮೊದಲ ಸಲ ಓದಿದಾಗ ನನಗೆ ಬೆನ್ನು ತಣ್ಣಗಾಗಿತ್ತು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆನ್ನೆಸೀ ರಾಜ್ಯದ ಪುಲಾಸ್ಕಿ ಅನ್ನುವ ಸಣ್ಣ ಊರು. ಸೋತ ಸೈನ್ಯದಿಂದ ವಾಪಸು ಬಂದ ಆರು ಯುವಕರು. ಕೆಲಸ ಇಲ್ಲ, ಹೊತ್ತು ಹೋಗುವುದಿಲ್ಲ. ಒಂದು ಕ್ಲಬ್ ಮಾಡೋಣ ಅಂದುಕೊಂಡರು. ಗ್ರೀಕ್ ಭಾಷೆಯಲ್ಲಿ ವೃತ್ತಕ್ಕೆ 'ಕುಕ್ಲೋಸ್' ಅನ್ನುತ್ತಾರೆ. ಅದನ್ನೇ ತಿರುಚಿ ಹೆಸರಿಟ್ಟರು. ವಿಚಿತ್ರ ಬಟ್ಟೆ, ಮುಖವಾಡ, 'ಗ್ರ್ಯಾಂಡ್ ಸೈಕ್ಲಾಪ್ಸ್' ಅಂತ ಅಧ್ಯಕ್ಷ, ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಶಾಸ್ತ್ರ. ಅಲ್ಲಿಯವರೆಗೆ ಅದು ಹಾಸ್ಟೆಲ್ಲಿನ ಮೂರನೇ ಮಹಡಿ. ಒಂದೆರಡು ವರ್ಷದಲ್ಲಿ ಅದೇ ಮುಖವಾಡದವರು ರಾತ್ರಿ ಕುದುರೆ ಏರಿ ಬಂದು, ಆಗಷ್ಟೇ ಗುಲಾಮಗಿರಿಯಿಂದ ಬಿಡುಗಡೆಯಾದವರನ್ನು ಮನೆಯಿಂದ ಎಳೆದು ಚಾಟಿಯಲ್ಲಿ ಹೊಡೆಯುತ್ತಿದ್ದರು, ಕೊಲ್ಲುತ್ತಿದ್ದರು. ಓಟು ಹಾಕಿದ್ದಕ್ಕೆ, ಶಾಲೆ ನಡೆಸಿದ್ದಕ್ಕೆ. ಜನರನ್ನು ಹೆದರಿಸಿದರೆ ಸಿಗುವ ಖುಷಿಯ ರುಚಿ ಹತ್ತಿತ್ತು. ಅಷ್ಟೇ ಕಾರಣ ಅನ್ನುವಂತಿಲ್ಲ, ಗುಲಾಮರ ಮೇಲಿನ ಯಜಮಾನಿಕೆ ಕೈ ತಪ್ಪಿದ ಸಿಟ್ಟು ಆ ಊರುಗಳ ತುಂಬ ಇತ್ತು. ಆದರೆ ಆ ಸಿಟ್ಟಿಗೆ ವೇಷ, ಹೆಸರು, ಆಣೆ ಎಲ್ಲ ಮೊದಲೇ ಹೊಲಿದು ಇಟ್ಟಿತ್ತು.

1870ರ ದಶಕದ ಮೊದಲಲ್ಲಿ ಸರ್ಕಾರ ಕಾನೂನು ತಂದು ಅದನ್ನು ಮುರಿಯಿತು. 1915ರಲ್ಲಿ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಶಿಲುಬೆ ಸುಟ್ಟು ಅದನ್ನು ಮತ್ತೆ ಎಬ್ಬಿಸಿದವನು ವಿಲಿಯಂ ಸಿಮನ್ಸ್. ಅವನ ಕಸುಬು ಏನು ಗೊತ್ತಾ? ಒಂದು ಕಾಲಕ್ಕೆ ಪಾದ್ರಿ, ಆಮೇಲೆ ಲಾಡ್ಜ್‌ಗಳಿಗೆ ಸದಸ್ಯರನ್ನು ಸೇರಿಸುವ ಏಜೆಂಟ್. ತಾನೇ ಹಲವು ಲಾಡ್ಜ್‌ಗಳ ಸದಸ್ಯ. ಏನು ಮಾರಾಟ ಆಗುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಲ್ಲ ಪದಕ್ಕೂ 'ಕ್ಲ' ಹಚ್ಚಿದ. ಸಭೆ ಸೇರುವ ಜಾಗ ಕ್ಲಾವರ್ನ್, ಶಾಸ್ತ್ರದ ಪುಸ್ತಕ ಕ್ಲೋರಾನ್, ಸದಸ್ಯರನ್ನು ತರುವ ಏಜೆಂಟ್ ಕ್ಲೀಗಲ್. ಕೇಳಿದರೆ ನಗು ಬರುತ್ತದೆ.

ಐದು ವರ್ಷ ಅದು ಕುಂಟುತ್ತಲೇ ಇತ್ತು. 1920ರಲ್ಲಿ ಎಡ್ವರ್ಡ್ ಕ್ಲಾರ್ಕ್ ಮತ್ತು ಎಲಿಜಬೆತ್ ಟೈಲರ್ ಅನ್ನುವ ಇಬ್ಬರು ಪ್ರಚಾರ ಪರಿಣತರನ್ನು ಸಿಮನ್ಸ್ ಗೊತ್ತು ಮಾಡಿಕೊಂಡ. ಸೇರುವವನು 10 ಡಾಲರ್ ಕೊಡಬೇಕು. ಅದರಲ್ಲಿ 4 ಡಾಲರ್ ಕರೆತಂದ ಕ್ಲೀಗಲ್‌ನ ಜೇಬಿಗೆ. ಉಳಿದದ್ದು ಅವನ ಮೇಲಿನವನಿಗೆ, ಅವನ ಮೇಲಿನವನಿಗೆ, ಹೀಗೆ ಹಂಚಿಕೊಂಡು ಮೇಲಕ್ಕೆ. ನಿಲುವಂಗಿಯ ದುಡ್ಡು ಬೇರೆ. ಚೈನ್ ಬಿಸಿನೆಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೋಲಂಡ್ ಫ್ರೈಯರ್ ಮತ್ತು ಸ್ಟೀವನ್ ಲೆವಿಟ್ ಅನ್ನುವ ಅರ್ಥಶಾಸ್ತ್ರಜ್ಞರು ಆಗಿನ ಕ್ಲಾನ್ ದಾಖಲೆಗಳನ್ನು ಕೆದಕಿ, 2012ರಲ್ಲಿ ಇದೇ ಮಾತು ಬರೆದರು. ದ್ವೇಷದ ಹೆಸರಿನಲ್ಲಿ ಭರ್ಜರಿ ವ್ಯಾಪಾರ ನಡೆದಿತ್ತು. ಸೇರಿದವರು ಓದಿಲ್ಲದ ಪುಂಡರೂ ಅಲ್ಲ. ಸಾಮಾನ್ಯರಿಗಿಂತ ಸ್ವಲ್ಪ ಜಾಸ್ತಿಯೇ ಓದಿದವರು. ಇಂಡಿಯಾನಾ ರಾಜ್ಯ ಒಂದರಲ್ಲೇ ಎರಡೂವರೆ ಲಕ್ಷದಷ್ಟು ಜನ ಸೇರಿದ್ದರು. ಅಲ್ಲಿನ ಮುಖಂಡ ಡಿ. ಸಿ. ಸ್ಟೀಫನ್ಸನ್ ಹೆಂಗಸಿನ ಮಾನ ಕಾಪಾಡುತ್ತೇವೆ ಅಂತ ಭಾಷಣ ಬಿಗಿಯುತ್ತಿದ್ದವನು. 1925ರಲ್ಲಿ ಯುವತಿಯೊಬ್ಬಳ ಮೇಲೆ ದೌರ್ಜನ್ಯ ಮಾಡಿ ಅವಳ ಸಾವಿಗೆ ಕಾರಣನಾದ ಅಪರಾಧಕ್ಕೆ ಜೈಲು ಸೇರಿದ. ಸಂಘದ ಜನ ಗುಂಪುಗುಂಪಾಗಿ ಜಾರಿಕೊಂಡರು. ನಂಬಿಕೆ ಅಷ್ಟು ಗಟ್ಟಿ ಇದ್ದಿದ್ದರೆ ಹಾಗೆ ಜಾರುತ್ತಿದ್ದರಾ?

ಕ್ಯಾಥ್ಲೀನ್ ಬ್ಲೀ ಅನ್ನುವ ಸಮಾಜಶಾಸ್ತ್ರಜ್ಞೆ ಜನಾಂಗ ದ್ವೇಷದ ಗುಂಪುಗಳಲ್ಲಿದ್ದ 34 ಹೆಂಗಸರ ಹತ್ತಿರ ಕೂತು ಅವರ ಬದುಕಿನ ಕತೆ ಕೇಳಿದರು. ಹಲವರ ವಿಷಯದಲ್ಲಿ ಅವರು ಕಂಡದ್ದು ಇದನ್ನೇ. ಅಂಥ ಕಡು ದ್ವೇಷ ಇದ್ದದ್ದಕ್ಕೆ ಅವರು ಸೇರಿರಲಿಲ್ಲ. ಪರಿಚಯದವರು ಯಾರೋ ಕರೆದರು, ಹೋದರು. ಕಡು ದ್ವೇಷ ಕಲಿತದ್ದು ಒಳಗೆ ಹೋದ ಮೇಲೆ.

ಈ ಎಲ್ಲದರಲ್ಲಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟವನು ಸಿ. ಪಿ. ಎಲ್ಲಿಸ್. ನಾರ್ತ್ ಕರೊಲಿನಾದ ಡರಮ್ ಊರಿನವನು. ಅಪ್ಪ ಬಟ್ಟೆ ಮಿಲ್ಲಿನ ಕೆಲಸಗಾರ. ಇವನು ಸಾಲ ಮಾಡಿ ಪೆಟ್ರೋಲ್ ಬಂಕ್ ಇಟ್ಟ. ವಾರವೆಲ್ಲ ದುಡಿದರೂ ತಿಂಗಳ ಕೊನೆಗೆ ಕೈ ಖಾಲಿ. ಮಕ್ಕಳಲ್ಲಿ ಒಬ್ಬನಿಗೆ ಹುಟ್ಟಿನಿಂದ ಕಣ್ಣಿಲ್ಲ, ಬುದ್ಧಿಯೂ ಬೆಳೆದಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ಅವನಿಗೆ ಗೊತ್ತಾಗಲಿಲ್ಲ. ಬಂಕಿಗೆ ಬರುತ್ತಿದ್ದ ಕ್ಲಾನಿನವರು ಕರೆದರು. ಸೇರಿದ ರಾತ್ರಿಯ ಬಗ್ಗೆ ಅವನು ಎಷ್ಟೋ ವರ್ಷದ ಮೇಲೆ ಹೇಳಿಕೊಂಡಿದ್ದಾನೆ. ದೊಡ್ಡ ಹಾಲ್, ಸಾಲಾಗಿ ನಿಂತ ನಿಲುವಂಗಿಯವರು, ಬೆಳಗುವ ಶಿಲುಬೆ. ಮಂಡಿಯೂರಿ ಆಣೆ ಮಾಡಿದ ಕೂಡಲೇ ಕಟ್ಟಡವೆಲ್ಲ ಚಪ್ಪಾಳೆ. ಜೀವಮಾನವೆಲ್ಲ ತಾನೊಬ್ಬ ಲೆಕ್ಕಕ್ಕಿಲ್ಲದವನು ಅಂದುಕೊಂಡಿದ್ದವನಿಗೆ ಆವತ್ತು ತಾನೂ ಏನೋ ದೊಡ್ಡದು ಅನ್ನಿಸಿತಂತೆ.

ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಚಪ್ಪಾಳೆ ನನಗೂ ಬಿದ್ದಿತ್ತಲ್ಲ.

ಎಲ್ಲಿಸ್ ಅಲ್ಲಿ ಮೆಟ್ಟಿಲು ಮೆಟ್ಟಿಲು ಏರಿ ಊರಿನ ಶಾಖೆಯ ಮುಖ್ಯಸ್ಥನಾದ. ನಗರಸಭೆಯ ಸದಸ್ಯರೇ ರಾತ್ರಿ ಫೋನ್ ಮಾಡಿ, ಕಪ್ಪು ಜನರ ಹೋರಾಟದವರು ನಾಳೆ ಸಭೆಗೆ ಬರುತ್ತಾರೆ, ನಿಮ್ಮವರನ್ನೂ ಕಳಿಸಿ ಅನ್ನುತ್ತಿದ್ದರು. ಒಂದು ದಿನ ಪೇಟೆಯಲ್ಲಿ ನಡೆದು ಹೋಗುವಾಗ ಅಂಥ ಸದಸ್ಯನೊಬ್ಬ ಎದುರಿಗೆ ಬಂದ. ಕೈ ಕುಲುಕುತ್ತಾನೆ ಅಂತ ಇವನು ಕಾದ. ಆ ಮನುಷ್ಯ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಟ್ಟ. ರಾತ್ರಿಯ ಗೆಳೆಯ, ಹಗಲಿಗೆ ಗುರುತಿಲ್ಲ. ಎಲ್ಲಿಸ್‌ನ ತಲೆಯಲ್ಲಿ ಹುಳ ಹೊಕ್ಕಿದ್ದು ಆಗ.

1971ರಲ್ಲಿ ಆ ಊರಿನ ಶಾಲೆಗಳಲ್ಲಿ ಕಪ್ಪು ಬಿಳಿ ಮಕ್ಕಳು ಒಟ್ಟಿಗೆ ಓದುವ ವಿಷಯಕ್ಕೆ ಹತ್ತು ದಿನದ ಸಮಾಲೋಚನೆ ನಡೆಯಿತು. ಇಬ್ಬರು ಅಧ್ಯಕ್ಷರು. ಒಬ್ಬ ಎಲ್ಲಿಸ್, ಇನ್ನೊಬ್ಬರು ಆನ್ ಆಟ್‌ವಾಟರ್ ಅನ್ನುವ ಕಪ್ಪು ಹೋರಾಟಗಾರ್ತಿ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ. ಒಂದು ದಿನ ಇಬ್ಬರೇ ಕೂತು ಮಾತಾಡುವಾಗ ಗೊತ್ತಾಯಿತು, ಇವನ ಮಕ್ಕಳನ್ನೂ ಶಾಲೆಯಲ್ಲಿ ಆಡಿಕೊಳ್ಳುತ್ತಿದ್ದಾರೆ, ಆಕೆಯ ಮಕ್ಕಳನ್ನೂ ಆಡಿಕೊಳ್ಳುತ್ತಿದ್ದಾರೆ. ಕಾರಣ ಅಪ್ಪ, ಅಮ್ಮ ಈ ಕೆಲಸಕ್ಕೆ ಕೂತದ್ದು. ಇಬ್ಬರೂ ಅತ್ತರಂತೆ. ಸಮಾಲೋಚನೆ ಮುಗಿಯುವ ಹೊತ್ತಿಗೆ ಎಲ್ಲಿಸ್ ಸಭೆಯ ಎದುರು ಕ್ಲಾನ್ ಕಾರ್ಡ್ ಹರಿದು ಹಾಕಿದ. ಹಳೆಯ ಗೆಳೆಯರೆಲ್ಲ ಹೋದರು, ಬೆದರಿಕೆ ಬಂತು. ಮುಂದೆ ಅವನು ಕಾರ್ಮಿಕ ಸಂಘದಲ್ಲಿ ಕೆಲಸಕ್ಕೆ ನಿಂತ. ಅಲ್ಲಿನ ಸದಸ್ಯರಲ್ಲಿ ಕಪ್ಪು ಜನರೇ ಜಾಸ್ತಿ. ಅವರೇ ಅವನಿಗೆ ಓಟು ಹಾಕಿ ಗೆಲ್ಲಿಸಿದರು. ಅಲ್ಲೂ ಅವನಿಗೆ ಚಪ್ಪಾಳೆ ಬಿದ್ದಿರಬೇಕು.

ಹೆನ್ರಿ ಟಾಜ್ಫೆಲ್ ಅನ್ನುವ ಮನಶ್ಶಾಸ್ತ್ರಜ್ಞ ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನ್ಯದಲ್ಲಿದ್ದಾಗ ಜರ್ಮನ್ನರ ಕೈಗೆ ಸಿಕ್ಕಿ, ತಾನು ಎಲ್ಲಿಯವನು ಅಂತ ಬಚ್ಚಿಟ್ಟುಕೊಂಡು ಬದುಕಿದವನು. ವಾಪಸು ಬಂದಾಗ ಮನೆಯವರು ಯಾರೂ ಉಳಿದಿರಲಿಲ್ಲ. ಜನ ಯಾವ ಹಂತದಲ್ಲಿ 'ನಾವು' 'ಅವರು' ಅನ್ನಲು ಶುರು ಮಾಡುತ್ತಾರೆ ಅನ್ನುವುದೇ ಅವನ ಜೀವಮಾನದ ಪ್ರಶ್ನೆ ಆಯಿತು. ಇಂಗ್ಲೆಂಡಿನ ಬ್ರಿಸ್ಟಲ್ಲಿನಲ್ಲಿ ಹದಿನಾಲ್ಕು ಹದಿನೈದು ವರ್ಷದ ಹುಡುಗರಿಗೆ ಪಾಲ್ ಕ್ಲೀ ಮತ್ತು ಕ್ಯಾಂಡಿನ್ಸ್ಕಿ ಬಿಡಿಸಿದ ಚಿತ್ರಗಳನ್ನು ತೋರಿಸಿದ. ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್ಸ್ಕಿ ಗುಂಪು ಅಂತ ಹೇಳಿದ. ನಿಜವಾಗಿ ಹುಡುಗರ ಇಷ್ಟಕ್ಕೂ ಆ ಹಂಚಿಕೆಗೂ ಸಂಬಂಧವೇ ಇರಲಿಲ್ಲ, ಚೀಟಿ ಎತ್ತಿದ ಹಾಗೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಹುಡುಗನಿಗೆ ಗೊತ್ತಿಲ್ಲ. ಆಮೇಲೆ ದುಡ್ಡು ಹಂಚಲು ಕೊಟ್ಟರು. ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು. ಅದು ಹೋಗಲಿ. ನಮ್ಮವರಿಗೆ ಸ್ವಲ್ಪ ಕಡಿಮೆ ಸಿಕ್ಕರೂ ಪರವಾಗಿಲ್ಲ, ಅವರಿಗೂ ನಮಗೂ ಅಂತರ ಜಾಸ್ತಿ ಇರಲಿ ಅನ್ನುವ ಆಯ್ಕೆಯ ಕಡೆಗೂ ವಾಲಿದರು.

ಅಷ್ಟಕ್ಕೆ ಟಾರ್ಚು ಕೂಡ ಬೇಕಾಗಲಿಲ್ಲ.

ಈಗ ಹಾಸ್ಟೆಲ್ಲಿನ ಕತೆ. ನಮ್ಮ ಗುಂಪು ಇದ್ದದ್ದು ಪಕ್ಕದ ಬ್ಲಾಕಿನವರನ್ನು ದ್ವೇಷ ಮಾಡುವುದಕ್ಕೆ. ಯಾಕೆ ಅಂತ ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಿಂದಿನ ಯಾವುದೋ ವರ್ಷದ ಜಗಳ. ವಾರದೊಳಗೆ ನಾನೂ ಅವರ ನಡಿಗೆ, ಮಾತಿನ ಧಾಟಿ ಅನುಕರಿಸಿ ಎಲ್ಲರನ್ನೂ ನಗಿಸುತ್ತಿದ್ದೆ. ಅದರಲ್ಲಿ ನನಗೆ ಕೈ ಚೆನ್ನಾಗಿತ್ತು.

ನಮ್ಮ ಬ್ಲಾಕಿನ ಒಬ್ಬ ಹುಡುಗ ಆ ಬ್ಲಾಕಿನವರ ಜೊತೆ ಲೈಬ್ರರಿಯಲ್ಲಿ ಕೂತು ಓದುತ್ತಿದ್ದ. ಅವನು ಮೆಸ್ಸಿನಲ್ಲಿ ನಮ್ಮ ಮೇಜಿಗೆ ಬಂದು ಕೂತರೆ ಎಲ್ಲರೂ ಎದ್ದು ಹೋಗಬೇಕು ಅಂತ ಮೂರನೇ ಮಹಡಿಯಲ್ಲಿ ತೀರ್ಮಾನ ಆಯಿತು. ಮಾರನೆಯ ರಾತ್ರಿ ಅವನು ತಟ್ಟೆ ಹಿಡಿದು ಬಂದ. ನನ್ನ ಎದುರಿಗೇ ಕೂತ. ಉಪ್ಪು ಕೊಡು ಅಂದ. ನಾನು ಉಪ್ಪಿನ ಡಬ್ಬಿ ಅವನ ಕಡೆ ತಳ್ಳಿದೆ. ಅಷ್ಟರಲ್ಲಿ ಆ ತುದಿಯಲ್ಲಿ ಬೆಂಚು ಸರಿದ ಶಬ್ದ. ಒಬ್ಬೊಬ್ಬರೇ ಎದ್ದರು. ನನ್ನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಇತ್ತು. ನಾನೂ ಎದ್ದೆ. ಅವನು ತಲೆ ಎತ್ತಲಿಲ್ಲ. ಉಪ್ಪು ಹಾಕಿಕೊಂಡು ಕಲೆಸಿಕೊಳ್ಳುತ್ತಿದ್ದ, ಬಹಳ ಹೊತ್ತು.

ಅದಾದ ಮೇಲೂ ನಾನು ಆ ಗುಂಪಿನಲ್ಲಿ ನಾಲ್ಕು ತಿಂಗಳು ಇದ್ದೆ. ಮನಸ್ಸಾಕ್ಷಿ ಚುಚ್ಚಿ ಹೊರಗೆ ಬಂದೆ ಅಂತ ಬರೆಯೋಕೆ ಆಸೆ ಇದೆ, ಆದರೆ ಹಾಗೆ ಆಗಲಿಲ್ಲ.

ಜರ್ಮನಿಯಲ್ಲಿ ಎಕ್ಸಿಟ್ ಡಾಯ್ಚ್‌ಲ್ಯಾಂಡ್ ಅಂತ ಒಂದು ಸಂಸ್ಥೆ ಇದೆ. 2000ದಲ್ಲಿ ಶುರುವಾದದ್ದು. ನಾಜಿ ಗುಂಪುಗಳಿಂದ ಹೊರಗೆ ಬರಬೇಕು ಅನ್ನುವವರಿಗೆ ಸಹಾಯ ಮಾಡುತ್ತದೆ. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬ ಹಿಂದೆ ಪೊಲೀಸ್ ಅಧಿಕಾರಿ, ಇನ್ನೊಬ್ಬ ಹಿಂದೆ ನಾಜಿ ಗುಂಪಿನ ನಾಯಕ. 2011ರಲ್ಲಿ ಅವರು ಗೆರಾ ಅನ್ನುವ ಊರಿನಲ್ಲಿ ನಡೆದ ನಾಜಿಗಳ ಸಂಗೀತ ಕಾರ್ಯಕ್ರಮಕ್ಕೆ 250 ಟೀ ಶರ್ಟ್‌ಗಳನ್ನು ಬಿಟ್ಟಿ ಹಂಚಲು ಕಳಿಸಿದರು. ಎದೆಯ ಮೇಲೆ ತಲೆಬುರುಡೆ, ಬಾವುಟ. ಹುಡುಗರು ಖುಷಿಯಾಗಿ ಹಾಕಿಕೊಂಡರು. ಮನೆಗೆ ಹೋಗಿ ಒಂದು ಸಲ ಒಗೆದರೆ ಆ ಬಣ್ಣ ಹೋಗಿ ಒಳಗಿನ ಬರಹ ಕಾಣುತ್ತಿತ್ತು. 'ನಿನ್ನ ಟೀ ಶರ್ಟ್ ಮಾಡಿದ್ದನ್ನು ನೀನೂ ಮಾಡಬಲ್ಲೆ. ಬಿಟ್ಟು ಬರಲು ನಾವು ಸಹಾಯ ಮಾಡುತ್ತೇವೆ.' ಈ ಕೆಲಸಕ್ಕೆ ಅವರು ಆರಿಸಿಕೊಂಡ ಸಮಯ ನನಗೆ ಹಿಡಿಸಿತು. ಸಾವಿರ ಜನರ ಮಧ್ಯೆ ಅಲ್ಲ. ಒದ್ದೆ ಬಟ್ಟೆ ಹಿಂಡುತ್ತಾ ಒಬ್ಬನೇ ನಿಂತಿರುವಾಗ.

ನನ್ನ ವಿಷಯದಲ್ಲಿ ಅಷ್ಟು ಜಾಣತನ ಯಾರೂ ಮಾಡಲಿಲ್ಲ. ಕಾಲೇಜಿನ ನಾಟಕ ತಂಡದವರಿಗೆ ಪರದೆ ಎಳೆಯುವ ಹುಡುಗ ಕೈ ಕೊಟ್ಟಿದ್ದ. ಕಾರಿಡಾರಿನಲ್ಲಿ ಎದುರು ಸಿಕ್ಕ ನನ್ನನ್ನು ಒಬ್ಬಳು, "ಸಂಜೆ ಖಾಲಿ ಇರ್ತೀಯಾ?" ಅಂತ ಕೇಳಿದಳು. ನನ್ನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಪ್ರಾಕ್ಟೀಸ್ ಎಂಟಕ್ಕೆ ಶುರುವಾದರೆ ಮುಗಿಯುವುದು ಹನ್ನೊಂದಕ್ಕೆ. ನಾಟಕ ಕೆಟ್ಟದಾಗಿತ್ತು. ನಾನು ಎರಡು ಸಲ ಪರದೆಯನ್ನು ತಪ್ಪು ಜಾಗದಲ್ಲಿ ಎಳೆದೆ, ಎಲ್ಲರೂ ಬೈದರು. ಮಾರನೆಯ ದಿನವೂ ಹೋದೆ. ಪರದೆಯ ಇನ್ನೊಂದು ತುದಿಯ ಹಗ್ಗ ಹಿಡಿಯುತ್ತಿದ್ದವನು ಪಕ್ಕದ ಬ್ಲಾಕಿನವನು.

ಆ ವಾರ ರಾತ್ರಿ ಒಂಬತ್ತಕ್ಕೆ ನನ್ನ ರೂಮಿನ ಬಾಗಿಲನ್ನು ಯಾರೋ ಎರಡು ಸಲ ತಟ್ಟಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ತಟ್ಟಿದರಂತೆ. ರೂಮ್‌ಮೇಟ್ ಬಾಗಿಲು ತೆಗೆದು, "ಅವನು ಪ್ರಾಕ್ಟೀಸ್‌ಗೆ ಹೋಗಿದಾನೆ, ಬರೋದು ಲೇಟಾಗುತ್ತೆ" ಅಂದನಂತೆ.